ಆರು ಅಚ್ಚು, ಇಪ್ಪತ್ತೆಂಟು ದಿನ

3 ಫೆಬ್ರವರಿ 2025, ಸೋಮವಾರ

ದೇವರಾಜ ಮೇಸ್ತ್ರಿ ಗಾರೆಗೆ ಬಟ್ಟೆ ಒಗೆಯುವ ಸೋಪಿನ ಪುಡಿ ಹಾಕುತ್ತಾರೆ. ಇದು ಮೋಸ. ಬುಟ್ಟಿಗೆ ಒಂದು ಮುಷ್ಟಿ. ಕಣ್ಣಾರೆ ನೋಡಿದೆ. ಮಾವಿನಕುರ್ವೆಯ ದೋಣಿಕಟ್ಟೆಯ ಮೆಟ್ಟಿಲು ಅದು. ಅಮ್ಮ ದಿನಾ ಮೀನುಬುಟ್ಟಿ ಹೊತ್ತು ಹತ್ತುವ ಮೆಟ್ಟಿಲು.

"ಮಾವ, ಇದೆಂತ?"

"ಬೆಣ್ಣೆ ಹಂಗೆ ಎಳೀತದೆ ಮಾರಾಯ್ತಿ. ಕರಣೆಗೆ ಅಂಟೂದಿಲ್ಲ."

"ಶಕ್ತಿ ಹೋಗ್ತದೆ."

"ನೀ ಅಂಗಡಿಲಿ ಮೊಳೆ ತೂಗು, ಹೋಗು."

ಕೆಲಸದವರು ನಕ್ಕರು. ಹೊಳೆ ನಡುವಿನ ನಮ್ಮ ಕುರ್ವೆಯಲ್ಲಿ ಎಲ್ಲರೂ ಅವರನ್ನು ಮಾವ ಎನ್ನುತ್ತಾರೆ. ನನಗೆ ಮಾತ್ರ ಆ ಶಬ್ದ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಂದೇಶನ ಅಪ್ಪ ಅಲ್ಲವೇ...

4 ಫೆಬ್ರವರಿ, ಮಧ್ಯಾಹ್ನ, ಹೊನ್ನಾವರ, ಅಂಗಡಿ

ಸಿಮೆಂಟಿಗೆ ಸೇರಿಸುವ ದ್ರವದ ಡಬ್ಬಿಗಳ ಜೊತೆ ಬರುವ ಕರಪತ್ರಗಳನ್ನು ಮತ್ತೆ ಓದಿದೆ. ಸೋಪಿನ ಕಣಕ್ಕೆ ಎರಡು ತುದಿ. ಒಂದು ನೀರನ್ನು ಹಿಡಿಯುತ್ತದೆ, ಇನ್ನೊಂದು ನೀರಿನಿಂದ ಓಡುತ್ತದೆ. ಕಲಸುವಾಗ ಹೊಕ್ಕ ಗಾಳಿ ಗುಳ್ಳೆಯಾಗಿ ಒಳಗೇ ಉಳಿಯುತ್ತದೆ. ನಾವು ಮಾರುವ ದ್ರವವೂ ಸೋಪಿನ ದೂರದ ನೆಂಟನೇ — ಆದರೆ ಅದಕ್ಕೆ ಅಳತೆಯುಂಟು, ಪರೀಕ್ಷೆಯುಂಟು. ಮುಷ್ಟಿಗೆ ಎಲ್ಲಿಯ ಅಳತೆ? ಗುಳ್ಳೆ ಹೆಚ್ಚಾದಷ್ಟೂ ಗಾರೆ ಟೊಳ್ಳು.

ಸಂದೇಶನಿಗೆ ಫೋನ್ ಮಾಡಿದೆ. ಕುಮಟಾದ ಲ್ಯಾಬಿನಲ್ಲಿ ಗಾರೆ, ಕಾಂಕ್ರೀಟ್ ಮಷಿನಿನಲ್ಲಿ ಒಡೆದು ಶಕ್ತಿ ಅಳೆಯುವುದೇ ಅವನ ಕೆಲಸ. ನೋಡಿ ಎಂಟು ತಿಂಗಳಾಯಿತು. ಧ್ವನಿ ಕೇಳಿದ್ದೇ ಅರ್ಧ ಮಾತು ಮರೆತೆ. ಮೇಸ್ತ್ರಿಯ ಹೆಸರು ಮಾತ್ರ ಬೇಕೆಂದೇ ಹೇಳಲಿಲ್ಲ.

"ಆರು ಖಾಲಿ ಅಚ್ಚು ಬಸ್ಸಿಗೆ ಹಾಕ್ತೆ. ಪುಡಿದು ಮೂರು, ಬರೀ ಗಾರೆದು ಮೂರು. ಇಪ್ಪತ್ತೆಂಟು ದಿನ ಸಿಹಿನೀರಲ್ಲಿ ಮುಳುಗಿಸಿಡು."

"ಅಷ್ಟು ದಿನ ಎಂತಕ್ಕೆ?"

"ಗಟ್ಟಿ ಆಗೂಕೆ ಅಷ್ಟು ಬೇಕು."

6 ಫೆಬ್ರವರಿ, ಗುರುವಾರ

ಮೇಸ್ತ್ರಿಯ ಬುಟ್ಟಿಯಿಂದಲೇ ಮೂರು ಅಚ್ಚು ತುಂಬಿಸಿಕೊಂಡೆ. ತುಂಬಿದ್ದು ನಾನಲ್ಲ, ಅವರೇ — ಕರಣೆಯಲ್ಲಿ ನೀಟಾಗಿ ಸವರಿ ಕೊಟ್ಟರು. ಉಳಿದ ಮೂರು ನಾನು ಕಲಸಿದ್ದು. ಅದೇ ಮರಳು, ಅದೇ ಸಿಮೆಂಟು. ಪುಡಿಯಿಲ್ಲ.

"ನಂದು ಸೋತರೆ ಕಟ್ಟಿದ ಮೆಟ್ಟಿಲೆಲ್ಲ ನಾನೇ ಕೀಳ್ತೆ. ಆತಾ?"

"ಆತು."

ಇಪ್ಪತ್ತೆಂಟು ದಿನ ಎಂದರೆ ಮತ್ತೆ ಗುರುವಾರ. ಮಾರ್ಚ್ ಆರು. ಗೆಲ್ಲಬೇಕು. ಅದಕ್ಕಿಂತ ಮೊದಲು — ಅವನನ್ನು ನೋಡಬೇಕು. ನಾಚಿಕೆಯಾಗುತ್ತದೆ, ಆದರೂ ಬರೆದೆ.

8 ಫೆಬ್ರವರಿ

ಅಚ್ಚು ಬಿಚ್ಚಿ ಗಾರೆಯ ತುಂಡುಗಳನ್ನು ನೀರಿಗೆ ಹಾಕಿದೆ. ಅಮ್ಮ: "ಕುಡಿಯೂ ನೀರಿನ ಹಂಡೆಲಿ ಕಲ್ಲು ಮೀಯಿಸ್ತಿಯಲೇ. ನಿನ್ನ ನೋಡೂಕೆ ನೆಂಟರು ಬಂದ್ರೆ ಇವನ್ನೇ ತೋರಿಸು."

ಕುರ್ವೆಗೆಲ್ಲ ನನ್ನ ಅಮ್ಮ ಸುಬ್ಬಿಯ ಬಾಯಿಯೆಂದರೆ ಭಯ. ಹಂಡೆ ಮಾತ್ರ ಬಿಟ್ಟುಕೊಟ್ಟಳು.

19 ಫೆಬ್ರವರಿ

ಹೊಸ ಮೆಟ್ಟಿಲಿನ ಅಂಚು ಅಮ್ಮನ ಕಾಲಡಿ ಪುಡಿಯಾಯಿತು. ಬಿದ್ದಳು. ಮೊಣಕಾಲು ಕುಂಬಳದಷ್ಟು. ಬುಟ್ಟಿ ನೀರಿಗೆ. "ಬಂಗಡೆ ಬಂದಲ್ಲಿಗೇ ಹೋತು" ಎಂದು ನಗುತ್ತಾಳೆ. ನಗುವಾಗ ಹಲ್ಲು ಕಚ್ಚುತ್ತಾಳೆ.

ಸಂದೇಶನಿಗೆ ಎಲ್ಲ ಹೇಳಿಬಿಟ್ಟೆ. ಪುಡಿ ಹಾಕಿದ್ದು ನಿನ್ನ ಅಪ್ಪ ಎಂದೂ.

"ಮೊದಲೇ ಎಂತಕ್ಕೆ ಹೇಳಲಿಲ್ಲ?"

"ಹೇಳಿದ್ರೆ ನೀ ಅಚ್ಚು ಕಳಿಸ್ತಿರಲಿಲ್ಲ ಅಂದ್ಕಂಡೆ."

"ನನ್ನ ಅಷ್ಟೇ ಗುರ್ತು ಮಾಡ್ಕಂಡದ್ದಾ ನೀನು?"

ಫೋನ್ ಇಟ್ಟ.

ಮೋಸದ ವಿರುದ್ಧ ಹೊರಟವಳು ನಾನು.

27 ಫೆಬ್ರವರಿ

ಫೋನಿಲ್ಲ. ಕುಮಟಾ ಬಸ್ಸು ಅಂಗಡಿಯೆದುರು ನಿಂತಾಗಲೆಲ್ಲ ತಲೆ ಎತ್ತುತ್ತೇನೆ. ಮೊದಲೆಲ್ಲ ಕೌಂಟರಿನ ಮೇಲೆ ಕೂತು ಕರಪತ್ರ ಮಡಚಿ ದೋಣಿ ಮಾಡುತ್ತಿದ್ದ. ಬೈಯುತ್ತಿದ್ದೆ. ಒಂದು ದೋಣಿ ಡ್ರಾಯರಿನಲ್ಲಿದೆ. ನಾನು ಓದದೆ ಉಳಿದ ಕರಪತ್ರ ಅದೊಂದೇ. ಬಿಡಿಸಲು ಮನಸ್ಸಿಲ್ಲ.

4 ಮಾರ್ಚ್, ಮಂಗಳವಾರ, ಸಂಜೆ

ಮೇಸ್ತ್ರಿ ಮನೆಗೆ ಬಂದರು. ಅಮ್ಮನ ಮೊಣಕಾಲು ನೋಡಿದರು. ಜಗಲಿಯಲ್ಲಿ ಕೂತರು.

"ಭಾನುವಾರ ಅವ ಬಂದಿದ್ದ. ಆ ಆರು ಕಲ್ಲು ನನ್ನ ಎದುರಿಗೇ ಒಡೀತ್ನಂತೆ. ನನ್ನ ಮಗ ಯಾರ ಪಕ್ಷ ಹೇಳು?"

"ಮಷಿನಿನ ಪಕ್ಷ, ಮಾವ."

ಈ ಸಲ ಶಬ್ದ ಸಿಕ್ಕಿಕೊಳ್ಳಲಿಲ್ಲ. ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. "ಕಲ್ಲಿನ ಚೀಲ ನಾ ಹೊರ್ತೆ. ಭಾರ ಉಂಟು." ಒಂದು ಚೀಟಿ ಕೊಟ್ಟು ಹೋದರು. ದೋಣಿಯಾಗಿ ಮಡಚಿದ್ದು. ಇದನ್ನು ಬಿಡಿಸಿದೆ.

"ಅಪ್ಪನ ಜೊತೆ ಬಾ. ಒಡೆದಾದ ಮೇಲೆ ಊಟಕ್ಕೆ ನಿಲ್ಲು. ಸಿಟ್ಟು ಇನ್ನೂ ಉಂಟು, ಎದುರಿಗೇ ಬೈಯೂಕೆ ಇಟ್ಟಿದ್ದೆ."

ಚೀಟಿಯ ಕೆಳಗೆ ಹೊತ್ತು, ಜಾಗ: ಗುರುವಾರ, ಮಾರ್ಚ್ ಆರು. ಬೆಳಿಗ್ಗೆ ಹತ್ತೂವರೆ. ಕುಮಟಾ ಬಸ್‌ಸ್ಟ್ಯಾಂಡಿನ ಎದುರು. ಇನ್ನೆರಡೇ ದಿನ.