ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಗಗನಪ್ಪ

ಉಜೈರ್,

ಈ ಪತ್ರ ಕಳಿಸುವುದಿಲ್ಲ, ಆದ್ದರಿಂದ ಬೈದೇ ಶುರು ಮಾಡುತ್ತೇನೆ. ಹಾರುವ ಮನುಷ್ಯನ ಚಿತ್ರ ಬಿಡಿಸುವುದು ಇಷ್ಟು ಕಷ್ಟ ಎಂದು ನೀನು ಒಂದು ದಿನವೂ ಹೇಳಲಿಲ್ಲವಲ್ಲೋ! ನಾನು ಬಿಡಿಸಿದರೆ ನಮ್ಮ ಸೂಪರ್‌ಹೀರೊ ಗಗನಪ್ಪ ಬಾವಿಗೆ ಬೀಳುತ್ತಿರುವವನಂತೆ ಕಾಣುತ್ತಾನೆ.

ನಾನು ತಪ್ಪೇ ಮಾಡದ ಹೀರೊನ ಕತೆ ಬರೆದುಕೊಟ್ಟಾಗಲೆಲ್ಲ, ಚಿತ್ರ ಬಿಡಿಸಬೇಕಾದ ನೀನು, "ಇವ್ನೇನು ಮನುಷ್ಯಾನೋ, ಪಾಸ್‌ಪೋರ್ಟ್ ಫೋಟೋನೋ ಮಗಾ?" ಎನ್ನುತ್ತಿದ್ದೆ. ಈಗ ಅವನಿಗೆ ಹೊಟ್ಟೆ ಬಂದಿದೆ. ಬೋಂಡಾ ಕಂಡರೆ ಕೆಳಗಿಳಿಯುತ್ತಾನೆ, ಸುಳ್ಳೂ ಹೇಳುತ್ತಾನೆ.

ಇವತ್ತು ಯಲಹಂಕದ ಪುಸ್ತಕ ಮೇಳದಲ್ಲಿ, ವಾಯುಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರು ನಮ್ಮ ಕಾಮಿಕ್ಸನ್ನು ನಿಂತಲ್ಲೇ ಓದಿ, ಕೊನೆಯ ಪುಟದ ಮೇಲೆ ಬೆರಳಿಟ್ಟರು. ಅಲ್ಲಿ ಗೆಳೆಯನ ತಂದೆ ತೀರಿಕೊಂಡಾಗ ಗಗನಪ್ಪ ಫೋನ್ ಮಾಡಿ, "ಹೆಬ್ಬಾಳದ್ ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡಿದೀನಿ ಕಣೋ" ಎನ್ನುತ್ತಾನೆ.

"ಹಾರೋನಿಗೆ ಎಲ್ಲಿಯ ಟ್ರಾಫಿಕ್ ರೀ? ತಪ್ಪಲ್ವಾ ಇದು?"

"ತಪ್ಪೇ ಸಾರ್. ಅಳ್ತಿರೋ ಗೆಳೆಯನ ಹತ್ರ ಏನ್ ಮಾತಾಡೋದು ಅಂತ ಹೆದರ್ಕೊಂಡ್ಬಿಟ್ಟ."

ಅವರು ಜೋರಾಗಿ ನಕ್ಕು, ಮೊಮ್ಮಕ್ಕಳಿಗೆಂದು ಎರಡು ಪ್ರತಿ ಕೊಂಡರು. "ಆ ಗೆಳೆಯ ನಂಬಿದ್ನಾ?" ಎಂದು ಕೇಳಿದರು. ಮುಂದಿನ ಭಾಗ ಇನ್ನೂ ಬರೆದಿಲ್ಲ ಎಂದೆ.

ಆರ್.ಟಿ. ನಗರದಲ್ಲಿ ನಿಮ್ಮ ಅಬ್ಬಾ ಅವರ ಮಣ್ಣು ಇದ್ದದ್ದು ಭಾನುವಾರ ಬೆಳಿಗ್ಗೆ ಏಳಕ್ಕೆ. ಆ ಹೊತ್ತಿಗೆ ಹೆಬ್ಬಾಳದ ಫ್ಲೈಓವರ್ ಎಷ್ಟು ಖಾಲಿ ಇರುತ್ತದೆ ಎಂದು ನಿನಗೆ ಗೊತ್ತಿರಲಿಲ್ಲವೇ? ಆದರೂ ನೀನು, "ಪರ್ವಾಗಿಲ್ಲ ಮಗಾ, ನಿಧಾನಕ್ಕೆ ಬಾ" ಎಂದೆ.

ಆರು ವರ್ಷವಾಯಿತು. ನಾನಿನ್ನೂ ಹೆಬ್ಬಾಳದಲ್ಲೇ ಇದ್ದೇನೆ.

ಅಶ್ವತ್ಥ್