ಅಳಿಯನ ಬಾಟಲಿ ಮತ್ತು ಉಳಿದ ಹನ್ನೊಂದು ಪೊಟ್ಟಣಗಳು

ಆಹಾರ ಪರೀಕ್ಷಾ ಪ್ರಯೋಗಾಲಯಗಳ ಮಾನ್ಯ ನಿರ್ದೇಶಕರೇ,

ಬರುವ ಶುಕ್ರವಾರ ತಮ್ಮ ಆದೇಶದಂತೆ ನಮ್ಮ ಶೀತಲ ಕೋಣೆಯಿಂದ ಹನ್ನೊಂದು ಪೊಟ್ಟಣಗಳು ಬೆಂಕಿಗೆ ಹೋಗಲಿವೆ. ತೊಂಬತ್ತು ದಿನ ತುಂಬಿದ ಮಾದರಿಗಳನ್ನು ಸುಡುವುದು ನಿಯಮ, ತಕರಾರಿಲ್ಲ. ಆದರೆ ಅವುಗಳನ್ನು ಇನ್ನೂ ಯಾರೂ ಸರಿಯಾಗಿ ಪರೀಕ್ಷಿಸಿಲ್ಲ. ಇದು ನನಗೂ ಗೊತ್ತು, ತಮಗೂ ಗೊತ್ತು, ಕಡತಕ್ಕೆ ಮಾತ್ರ ಗೊತ್ತಿಲ್ಲ.

ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ನಾನು ಮೊದಲು ಕಾಳು, ಪುಡಿಗಳಲ್ಲಿ ಬೂಷ್ಟಿನ ವಿಷ ಹುಡುಕುತ್ತಿದ್ದೆ. ಆಮೇಲೆ ಗುಣಮಟ್ಟ ಅಧಿಕಾರಿಯಾಗಿ, ಹುಡುಕುವವರು ಸರಿಯಾಗಿ ಹುಡುಕುತ್ತಾರೆಯೇ ಎಂದು ನೋಡುತ್ತಿದ್ದೆ. ನಮ್ಮನ್ನು ಪರೀಕ್ಷಿಸಲೆಂದು ತಮ್ಮ ಕಚೇರಿ ವರ್ಷಕ್ಕೊಮ್ಮೆ ವಿಷವನ್ನು ಅಳೆದು ಬೆರೆಸಿದ ಕಡಲೆಕಾಯಿ ಪುಡಿಯ ಬಾಟಲಿಯೊಂದನ್ನು ಕಳಿಸುತ್ತದೆ. ಕೆಂಪು ಮುಚ್ಚಳ, ಅರಗಿನ ಮುದ್ರೆ. ಲ್ಯಾಬಿನಲ್ಲಿ ಅದಕ್ಕೆ ‘ಅಳಿಯ’ ಎಂದು ಹೆಸರು. ಅಳಿಯ ಬಂದನೆಂದರೆ ಹೊಸ ಕೈಗವಸು, ಎರಡು ಸಲ ತೊಳೆದ ಗಾಜು, ಯಂತ್ರಕ್ಕೆ ಹೊಸ ಶೋಧಕ, ಐದು ಸಲ ಪರೀಕ್ಷೆ. ಉತ್ತರ ಸರಿ ಬರುತ್ತದೆ, ಗೋಡೆಗೆ ಪ್ರಮಾಣಪತ್ರ ಏರುತ್ತದೆ. ಅಳಿಯ ಹೋದ ಮೇಲೆ, ಜನ ನಿಜವಾಗಿ ತಿನ್ನುವ ಪದಾರ್ಥಗಳಿಗೆ ಕೊಳೆ ಕಟ್ಟಿಕೊಂಡ ಹಳೆಯ ಶೋಧಕ, ಒಂದೇ ಸಲ ಪರೀಕ್ಷೆ.

ಈ ವರ್ಷ ನಾನು ಅಳಿಯನಿಗೆ ಹಳೆ ಅಂಗಿ ತೊಡಿಸಿದೆ. ಅದೇ ಪುಡಿಯನ್ನು ಒಂದಿಷ್ಟು ಮಾಮೂಲಿ ಪೊಟ್ಟಣಕ್ಕೆ ಸುರಿದು, ಆ ದಿನದ ಹನ್ನೊಂದು ಮಾದರಿಗಳ ನಡುವೆ ಇಟ್ಟೆ. ಸಂಜೆ ವರದಿ ಬಂತು: ಹನ್ನೆರಡರಲ್ಲೂ ‘ಪತ್ತೆಯಾಗಿಲ್ಲ’. ಇದ್ದ ವಿಷವೇ ಕಾಣದವರಿಗೆ ಉಳಿದ ಹನ್ನೊಂದರಲ್ಲಿ ಏನು ಕಂಡೀತು? ಹಿರಿಯ ವಿಶ್ಲೇಷಕರನ್ನು ಕೇಳಿದೆ.

“ಮೇಡಂ, ಅಳಿಯ ಅಂತ ಒಂದು ಮಾತು ಹೇಳಿದ್ರೆ ಚೆನ್ನಾಗಿ ನೋಡ್ಕೋತಿದ್ವಲ್ಲ” ಎಂದರು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು.

ತಮಗೆ ಬರೆದೆ. ವಿಷ ಏಕೆ ಕಾಣಲಿಲ್ಲ ಎಂದು ತಾವು ಕೇಳಲಿಲ್ಲ, ಇಟ್ಟವರು ಯಾರು ಎಂದು ಕೇಳಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ‘ಪ್ರಯೋಗಾಲಯದ ವಿಶ್ವಾಸಕ್ಕೆ ಧಕ್ಕೆ ತಂದ’ ಕಾರಣಕ್ಕೆ ಈಗ ದಾಖಲೆ ಕೋಣೆಯಲ್ಲಿದ್ದೇನೆ. ಕೋಣೆ ತಂಪಾಗಿದೆ, ಧನ್ಯವಾದಗಳು.

ಆ ಹನ್ನೊಂದರಲ್ಲಿ ಏಳನೆಯದು ಎಳೆಮಕ್ಕಳಿಗೆ ಕಲಸಿ ಕೊಡುವ ಧಾನ್ಯದ ಪುಡಿ. ಕಳೆದ ಭಾನುವಾರ ಮಗಳ ಅಡುಗೆಮನೆಯಲ್ಲಿ ಅದೇ ಬ್ಯಾಚಿನ ಡಬ್ಬಿ ಕಂಡೆ. ಎಂಟು ತಿಂಗಳ ಮೊಮ್ಮಗಳು ಚಮಚ ನೋಡಿ ಆಗಲೇ ಬಾಯಿ ತೆರೆದಿದ್ದಳು. ನಾನು ಮಗಳ ಕೈ ಹಿಡಿದೆ.

“ಯಾಕಮ್ಮ? ನಿಮ್ಮ ಲ್ಯಾಬೇ ಪಾಸ್ ಮಾಡಿದೆಯಲ್ಲ. ಇದರಲ್ಲಿ ವಿಷ ಇದೆಯಾ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ? ಇಷ್ಟು ವರ್ಷ ನೀನು ಮಾಡಿದ್ದು ಇನ್ನೇನು?”

ನನಗೆ ನಾಚಿಕೆಯಾಯಿತು. ಭಯವೂ ಆಯಿತು. ಆ ಡಬ್ಬಿಯನ್ನು ಎತ್ತಿಟ್ಟೆವು. ಆದರೆ ಪ್ರತಿ ಮನೆಯಲ್ಲೂ ಕೈ ಹಿಡಿಯಲು ದಾಖಲೆ ಕೋಣೆಗೆ ಕಳಿಸಲ್ಪಟ್ಟ ಅಜ್ಜಿ ಇರುತ್ತಾಳೆಯೇ?

ನನ್ನ ವರ್ಗಾವಣೆ ರದ್ದಾಗಬೇಕಿಲ್ಲ. ಶುಕ್ರವಾರದ ಬೆಂಕಿಯನ್ನು ನಿಲ್ಲಿಸಿ, ಹನ್ನೊಂದನ್ನೂ ಬೇರೆ ಪ್ರಯೋಗಾಲಯಕ್ಕೆ ಕಳಿಸಿ. ಅದಕ್ಕೆ ಮನಸ್ಸಾಗದಿದ್ದರೆ, ಕೆಂಪು ಮುಚ್ಚಳದ ಬಾಟಲಿಗಳಿಗೆ ತುಂಬಿಸಿ ನಮಗೇ ಕಳಿಸಿ. ನಮ್ಮವರು ಬಹಳ ಚೆನ್ನಾಗಿ ಪರೀಕ್ಷಿಸುತ್ತಾರೆ.

ಇಂತಿ,
ತಮ್ಮ ವಿಶ್ವಾಸ ಕಳೆದುಕೊಂಡ, ಮಗಳಿಗಿನ್ನೂ ಉತ್ತರ ಬಾಕಿ ಇರುವ,
ಮಾಜಿ ಗುಣಮಟ್ಟ ಅಧಿಕಾರಿ