ಒಸಾಕಾದ ಬಾರಿನಲ್ಲಿ ನಮ್ಮವರ ಬಾಟಲಿ

ಅಕ್ಕಾ,

ಒಸಾಕಾ ನೋಡಲಿಲ್ಲವೆಂದು ಕೊರಗಬೇಡ. ಇಲ್ಲಿ ಸೇತುವೆಯ ತುಂಬ ಜನ, ಓಟಗಾರನ ಚಿತ್ರವಿರುವ ದೀಪದ ಬೋರ್ಡಿನೆದುರು ಅವನಂತೆಯೇ ಒಂಟಿಕಾಲಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮೂರ ಕೊಕ್ಕರೆ ಹಾಗೆ ನಿಂತರೆ ಒಂದು ಮೀನಾದರೂ ಸಿಗುತ್ತದೆ.

ನಮ್ಮವರು ದಾರಿಯುದ್ದಕ್ಕೂ, "ವರ್ಷಾ ವರ್ಷಾ ಮೀಟಿಂಗಿಗೆ ಬಂದ್ರೂ ಹೋಟ್ಲು ಬಿಟ್ಟು ಹೊರಗೆ ಕಾಲಿಟ್ಟೋನಲ್ಲ ಕಣೇ" ಎಂದು ಸಾರುತ್ತಲೇ ಇದ್ದರು. ನಿನ್ನೆ ಸಂಜೆ ಅದೇ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ, ಬಾರಿನ ಬಾಗಿಲಿಗೆ ದೀಪ ಹಚ್ಚುತ್ತಿದ್ದ ಒಡತಿ ಕೂಗಿದಳು: "ಇಶಿಗಾಮಿ ಸಾನ್! ಬನ್ನಿ ಬನ್ನಿ, ನಿಮ್ ಬಾಟ್ಲಿ ಹಾಗೇ ಇಟ್ಟಿದೀನಿ!" ಇವರು ಕಿವುಡರಂತೆ ಮುಂದೆ ನಡೆದರು. ನಾನು ಒಳಗೆ ನುಗ್ಗಿದೆ.

ಕಪಾಟಿನಲ್ಲಿ ಖಾಯಂ ಗಿರಾಕಿಗಳ ಬಾಟಲಿಗಳ ಸಾಲು. ಇವರದೂ ಇತ್ತು, ಕತ್ತಿಗೆ ಹೆಸರಿನ ಚೀಟಿ, ತಳದಲ್ಲಿ ನಾಲ್ಕು ಬೆರಳು ವಿಸ್ಕಿ. ಹಿಂದೆಯೇ ಓಡಿಬಂದ ಇವರನ್ನು ಒಡತಿ ಕೇಳಿದಳು, "ಇವ್ರು ನಿಮ್ಮಕ್ಕನಾ?" ಈ ಮಹಾನುಭಾವರು "ಹೂಂ" ಅಂದುಬಿಟ್ಟರು!

ಉಳಿದದ್ದನ್ನೆಲ್ಲ ನಾನೇ ಕುಡಿದೆ. ಚೀಟಿಯಲ್ಲಿ ಇವರ ಹೆಸರಿನ ಕೆಳಗೆ "ಹೆಂಡತಿ ಖಾಲಿ ಮಾಡಿದಳು" ಎಂದು ಬರೆದು, ಬಾಟಲಿಯನ್ನು ಕಪಾಟಿಗೇ ಮರಳಿಸಿ ಬಂದಿದ್ದೇನೆ. ಇವತ್ತು ತಲೆ ಸಿಡಿಯುತ್ತಿದೆ, ಮಿಕ್ಕಂತೆ ಆರೋಗ್ಯ. ರೈಲು ಬಂತು.

ನಿನ್ನ ತಂಗಿ, ಯಾರ ಅಕ್ಕನೂ ಅಲ್ಲದ
ಯಾಸುಯೊ